ಕಲ್ಲುಮನೆಯ ದೊಡ್ಡ ಮೀನುಗಳು

ದೊಡ್ಡಬಳ್ಳಾಪುರ, ಹೊಸಕೋಟೆಗಳ ಸುತ್ತಿನ ಕೆರೆಗಳಲ್ಲಿ ನೀರು ನಿಂತ ವರ್ಷ ಬಲೆ ಬೀಸಿದರೆ ಜಿಲೇಬಿ ಮೀನು ಸಿಕ್ಕುವುದು ಸಾಮಾನ್ಯ. ಇದು ನಮ್ಮ ನೆಲದ ಮೀನೆಂದೇ ಅನೇಕರು ತಿಳಿದಿದ್ದಾರೆ. ಆದರೆ ಇದರ ತವರು ಆಫ್ರಿಕದ ಆಗ್ನೇಯ ಭಾಗದ ನದಿಗಳು. ಭಾರತಕ್ಕೆ ಇದನ್ನು ತಂದದ್ದು 1952ರಲ್ಲಿ. ಪ್ರಾಣಿಶಾಸ್ತ್ರದಲ್ಲಿ ಇದರ ಹೆಸರು ಮೊಸಾಂಬಿಕ್ ತಿಲಾಪಿಯ. ಸೇರಿರುವುದು ಸಿಕ್ಲಿಡ್ ಕುಟುಂಬಕ್ಕೆ. ಮೀನು ಸಾಕುವ ಹವ್ಯಾಸಿಗಳು ಇಂದು ಬಹಳ ಬೆಲೆ ಕೊಟ್ಟು ತರುವ ಆಫ್ರಿಕದ ಬಣ್ಣದ ಮೀನುಗಳು ಈ ಜಿಲೇಬಿಯ ನೆಂಟರೇ.

ಆ ನೆಂಟರ ದೊಡ್ಡ ಮನೆ ಮಲಾವಿ ಸರೋವರ. ಸುಮಾರು 580 ಕಿಲೋಮೀಟರ್ ಉದ್ದ, 700 ಮೀಟರ್ ಆಳದ ಈ ಸಿಹಿನೀರಿನ ಕಡಲಿನಲ್ಲಿ ನೂರಾರು ಬಗೆಯ ಸಿಕ್ಲಿಡ್‌ಗಳಿವೆ. ಅಲ್ಲಿಯ ಕಲ್ಲುದಂಡೆಯ ಜೀವಸಮೂಹವನ್ನು ಜೆಫ್ರಿ ಫ್ರೈಯರ್ ಎಂಬ ವಿಜ್ಞಾನಿ ಅಭ್ಯಸಿಸಿ 1959ರಲ್ಲಿ ವಿವರವಾಗಿ ಬರೆದರು. ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಚಿಕ್ಕ ಮೀನುಗಳು ಸಂದುಗಳಲ್ಲಿಯೇ ಬಾಳುತ್ತವೆ. ಒಂದಡಿಯ ಸಮೀಪಕ್ಕೆ ಬೆಳೆಯುವ ಬೇಟೆಗಾರ ಮೀನುಗಳಾದರೋ ಕಲ್ಲಿಗೂ ಮರಳಿಗೂ ನಡುವಣ ಬಯಲಿನಲ್ಲಿ ಸಂಚರಿಸುತ್ತವೆ. ನಿಂಬೊಕ್ರೊಮಿಸ್ ಲಿವಿಂಗ್‌ಸ್ಟೋನಿ ಎಂಬುದು ಸತ್ತಂತೆ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದು, ಹೆಣವೆಂದು ನಂಬಿ ಕುಕ್ಕಲು ಬಂದ ಮರಿಗಳನ್ನು ಥಟ್ಟನೆ ನುಂಗುತ್ತದೆ! ಆದುದರಿಂದ ದೊಡ್ಡ ಜಾತಿಗಳನ್ನು ಸಾಕುವವರು ತೊಟ್ಟಿಯ ತುಂಬ ಕಲ್ಲು ಪೇರಿಸುವುದು ಸರಿಯಲ್ಲ. ಹಿಂಬದಿಯಲ್ಲಿ ಮೂರರಲ್ಲೊಂದು ಪಾಲು ಕಲ್ಲು, ಮುಂದೆ ಈಜಲು ಬಯಲು; ಇದೇ ನಮಗೆ ಮೆಚ್ಚಿಗೆಯಾದ ಏರ್ಪಾಡು.

ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಯನ್ನು ತೆಗೆದುಕೊಳ್ಳೋಣ. ಇದಕ್ಕಿಂತ ಚಿಕ್ಕದು ಈ ಮೀನುಗಳಿಗೆ ಸೆರೆಮನೆಯಾದೀತು. ಇಪ್ಪತ್ತು ಘನ ಅಡಿ ಎಂದರೆ ಸುಮಾರು 566 ಲೀಟರ್. ನೀರಿನ ತೂಕವೂ ಅಷ್ಟೇ ಕಿಲೋಗ್ರಾಮ್. ಹನ್ನೆರಡು ಮಿಲಿಮೀಟರ್ ದಪ್ಪದ ಗಾಜು ನೂರು ಕಿಲೋಗ್ರಾಮಿಗೆ ಮೇಲಾಗುತ್ತದೆ. ಇನ್ನು ನೂರು ಕಿಲೋಗ್ರಾಮ್ ಕಲ್ಲು ಇಟ್ಟರೆ? ಗ್ರಾನೈಟಿನ ಸಾಂದ್ರತೆ ನೀರಿನದರ ಸುಮಾರು 2.7ರಷ್ಟು. ಆ ಕಲ್ಲು 37 ಲೀಟರ್ ನೀರನ್ನು ಹೊರಕ್ಕೆ ತಳ್ಳುವುದರಿಂದ ತುಂಬಿದ ತೊಟ್ಟಿಗೆ ಹೆಚ್ಚುವ ಭಾರ 63 ಕಿಲೋಗ್ರಾಮ್ ಮಾತ್ರ. ಆರ್ಕಿಮಿಡೀಸನ ತತ್ತ್ವ ಇಲ್ಲಿ ನಮ್ಮ ಪಾಲಿಗೆ ಒದಗುತ್ತದೆ. ಆದರೂ ಒಟ್ಟು ತೂಕ ಮುಕ್ಕಾಲು ಟನ್ನಿಗೆ ಹತ್ತಿರ. ಮಹಡಿಯ ಮೇಲೆ ಇದನ್ನಿಡುವ ಸಾಹಸ ಬೇಡ. ನೆಲಮನೆಯಲ್ಲಿ, ಮಟ್ಟವಾದ ಕಟ್ಟೆಯ ಮೇಲಿರಲಿ.

ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಸಾದಹಳ್ಳಿಯ ಕಲ್ಲು, ಕೊಯಿರದ ಕಲ್ಲು ಎಂದರೆ ಕಟ್ಟಡದವರಿಗೆಲ್ಲ ಪರಿಚಯ. ಆದರೆ ಗಣಿಯಲ್ಲಿ ಆಗತಾನೆ ಒಡೆದ ಕಲ್ಲಿನ ಅಂಚು ಮೀನಿನ ಮೈಯನ್ನು ಸೀಳುತ್ತದೆ. ಬಿಸಿಲುಮಳೆಗೆ ಪದರ ಸುಲಿದು ದುಂಡಗಾದ ಹೊಲದ ಗುಂಡುಕಲ್ಲುಗಳೇ ಮೇಲು. ಅನುಮಾನವಿದ್ದಲ್ಲಿ ಕಲ್ಲಿನ ಮೇಲೆ ಒಂದು ಹನಿ ನಿಂಬೆರಸ ಬಿಟ್ಟು ನೋಡಬೇಕು. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ಈ ಮೀನುಗಳಿಗೆ ಸುಣ್ಣದಿಂದ ತೊಂದರೆಯಿಲ್ಲ. ತುಕ್ಕಿನ ಗೆರೆಯುಳ್ಳ, ಎಣ್ಣೆ ತಾಗಿದ ಕಲ್ಲುಗಳನ್ನು ಬಿಟ್ಟುಬಿಡತಕ್ಕದ್ದು.

ಕಲ್ಲಿಡುವ ಕ್ರಮದಲ್ಲಿಯೇ ಮೀನಿನ ಜೀವವೂ ತೊಟ್ಟಿಯ ಗಾಜೂ ಉಳಿಯುವುದು. ಹಲವರು ಮೊದಲು ಮರಳು ಹಾಸಿ ಅದರ ಮೇಲೆ ಕಲ್ಲು ಪೇರಿಸುತ್ತಾರೆ. ನೋಡಲು ಅಂದವೇ. ಆದರೆ ಸಿಕ್ಲಿಡ್‌ಗಳು ಮರಳನ್ನು ಬಾಯಿಯಿಂದ ತೋಡಿ ಗುಂಡಿ ಮಾಡುವ ಸ್ವಭಾವದವು. ಬುಡ ಸಡಿಲವಾದ ಕಲ್ಲು ಒಂದು ರಾತ್ರಿ ಉರುಳಿ ಗಾಜಿಗೆ ಬಡಿಯುವುದು. ಅದಕ್ಕಾಗಿ ತಳದ ಗಾಜಿನ ಮೇಲೆ ಥರ್ಮೊಕೋಲಿನ ಹಾಳೆ ಹಾಸಿ, ಕಲ್ಲನ್ನು ಅದರ ಮೇಲೆ ಊರಿ, ಅನಂತರ ಸುತ್ತ ಮರಳು ಸುರಿಯಬೇಕು. ಪ್ರತಿ ಕಲ್ಲೂ ಮೂರು ಕಡೆ ಆನಿಕೊಂಡಿರಲಿ. ಕೈಯಿಂದ ದೂಡಿದರೆ ಅಲುಗಬಾರದು. ಗುಹೆಗಳಿಗೆ ಎರಡು ಬಾಗಿಲು ಇರಬೇಕು, ಬಾಗಿಲು ಬೆಳೆದ ಮೀನು ಹೋಗುವಷ್ಟು ಅಗಲವಿರಬೇಕು. ಒಂದೇ ಬಾಗಿಲಿದ್ದರೆ ಬಲಹೀನವಾದ ಮೀನು ಒಳಗೆ ಸಿಕ್ಕಿಬಿದ್ದು ಏಟು ತಿನ್ನುತ್ತದೆ.

ಇನ್ನು ನೀರು. ನಮ್ಮ ಸೀಮೆಯ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು; ಹಂಡೆಯೊಳಗೆ ಕಟ್ಟುವ ಬಿಳಿಯ ಹೊರೆಯೇ ಸಾಕ್ಷಿ. ಆಳದಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಮೆ. ಒಂದು ದಿನ ಗಾಳಿ ಊದಿಟ್ಟರೆ ಇಂಗಾಲದ ಅನಿಲ ಹಾರಿಹೋಗಿ ನೀರು ಕ್ಷಾರದ ಕಡೆಗೆ ತಿರುಗುತ್ತದೆ. ಮಲಾವಿಯ ನೀರೂ ಕ್ಷಾರವೇ. ಅದರ ಪಿಎಚ್ ಅಂಕ 8ರ ಆಸುಪಾಸು. ಆದುದರಿಂದ ಹವಳದ ಪುಡಿಯೆಂದು ಅಂಗಡಿಯಲ್ಲಿ ಮಾರುವುದಕ್ಕೆ ಹಣ ಸುರಿಯುವ ಅಗತ್ಯ ನಮ್ಮವರಿಗೆ ಸಾಮಾನ್ಯವಾಗಿ ಬಾರದು. ಕುಡಿಯುವ ನೀರಿನ ಘಟಕದ ಶುದ್ಧ ನೀರೇ ಮೀನಿಗೂ ಒಳ್ಳೆಯದೆಂದು ಕೆಲವರು ಭಾವಿಸುವುದುಂಟು. ಅದರಲ್ಲಿ ಬೇಕಾದ ಲವಣಗಳನ್ನೇ ತೆಗೆದಿರುತ್ತಾರೆ! ಮತ್ತೊಂದು ಮಾತು: ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಮೆ, ನೀರಿನಲ್ಲಿ ಕರಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಮೆ. ವಿದ್ಯುತ್ತು ಹೋದಾಗ ನಡೆಯುವ ಗಾಳಿಯಂತ್ರವೊಂದು ಜೊತೆಗಿರಲಿ.

ತೊಟ್ಟಿ ಸಿದ್ಧವಾದ ದಿನವೇ ಮೀನು ತರಬಾರದು. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟಾಗಿಯೂ, ಇನ್ನೊಂದು ಬಗೆ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇವು ಶೋಧಕದಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕ್ಷಾರದ ನೀರಿನಲ್ಲಿ ಈ ಎಚ್ಚರ ಇಮ್ಮಡಿ ಅಗತ್ಯ: 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಪಿಎಚ್ 7 ಇರುವಾಗ ಅಮೋನಿಯದ ವಿಷರೂಪ ನೂರಕ್ಕೆ ಅರ್ಧದಷ್ಟು, 8 ಆದಾಗ ನೂರಕ್ಕೆ ಐದಕ್ಕೂ ಮೇಲು.

ಇಷ್ಟು ದೊಡ್ಡ ತೊಟ್ಟಿಗೂ ಆರು ಮೀನು ಸಾಕು. ಮಲಾವಿಯ ಈ ಜಾತಿಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡು ಸುಮಾರು ಮೂರು ವಾರ ಉಪವಾಸವಿದ್ದು ಮರಿಗಳನ್ನು ಹೊರಬಿಡುತ್ತದೆ. ಮರಿಗಳು ಹೆಚ್ಚಿದಾಗ ಹತ್ತಿರದ ಕೆರೆಗೆ ಬಿಡೋಣವೆಂಬ ಯೋಚನೆ ಸುಲಭವಾಗಿ ಬರುತ್ತದೆ. ಜಿಲೇಬಿಯೂ ಬಾಯಿಯಲ್ಲಿ ಮರಿಗಳನ್ನು ಕಾಯುವ ಮೀನೇ. ಕೆರೆಯಿಂದ ಕೆರೆಗೆ ಕೋಡಿಯ ನೀರಿನೊಡನೆ ಸಾಗಿ ಹಬ್ಬುವ ಮೀನಿಗೆ ಆ ಕಾವಲು ದೊಡ್ಡ ಬಲ. ಹೆಚ್ಚಾದ ಮೀನನ್ನು ಹಿಂದಕ್ಕೆ ಪಡೆಯುವಂತೆ ಅಂಗಡಿಯವರೊಡನೆ ಕೊಳ್ಳುವಾಗಲೇ ಮಾತನಾಡಿಕೊಳ್ಳಬೇಕು. ವಾರಕ್ಕೊಮ್ಮೆ ಕಾಲುಪಾಲು ಬದಲಿಸಿ ತೆಗೆದ ನೀರನ್ನೂ ಚರಂಡಿಗೆ ಚೆಲ್ಲದೆ ತೆಂಗು, ಬಾಳೆಗಳ ಬುಡಕ್ಕೆ ಹಾಕಬಹುದು. ಅದರಲ್ಲಿರುವ ನೈಟ್ರೇಟು ಅವಕ್ಕೆ ಗೊಬ್ಬರ.