ಸೋಲುವ ತಂಡಕ್ಕೆ ಮದ್ದು ಯಾವುದು?

ಆಟದ ತಂಡವೊಂದು ಮೇಲಿಂದ ಮೇಲೆ ಸೋಲತೊಡಗಿತೆಂದರೆ ಅದಕ್ಕೆ ಮದ್ದು ಹೇಳುವವರಿಗೆ ಬರವಿಲ್ಲ. ತಂಡವನ್ನು ನಡೆಸುವವನನ್ನು ಬದಲಿಸಬೇಕೆಂದು ಕೆಲವರು, ಹಣ ಸುರಿದು ಹೆಸರಾಂತ ದಾಂಡಿಗನನ್ನು ತರಬೇಕೆಂದು ಹಲವರು ಹೇಳುವರು. ಉಳಿದವರು ಎಲ್ಲವನ್ನೂ ಗ್ರಹಚಾರದ ಮೇಲೆ ಹಾಕುವರು. ಆದರೆ ನಾಡಿ ಹಿಡಿದು ನೋಡದೆ ಮದ್ದು ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲವಷ್ಟೆ. ತಂಡಕ್ಕೂ ಒಂದು ನಾಡಿ ಉಂಟು. ಅದನ್ನು ಹಿಡಿಯುವ ಬಗೆಯನ್ನು ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟದ ಒಂದು ನಿದರ್ಶನದಿಂದ ತಿಳಿಯೋಣ.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಕಷ್ಟವಲ್ಲ. ಪ್ರತಿ ಪಕ್ಷದಲ್ಲಿ ಒಂಬತ್ತು ಮಂದಿ. ಒಬ್ಬನು ಚೆಂಡೆಸೆಯುವನು, ಎದುರಾಳಿಯು ಅದನ್ನು ದಾಂಡಿನಿಂದ ಹೊಡೆದು, ತೊಂಬತ್ತು ತೊಂಬತ್ತು ಅಡಿಗಳ ಅಂತರದಲ್ಲಿರುವ ನಾಲ್ಕು ನೆಲೆಗಳನ್ನು ಮುಟ್ಟಿ ಮನೆಗೆ ಮರಳಿದರೆ ಒಂದು ಓಟ. ಮೂವರು ಔಟಾದೊಡನೆ ಸರದಿ ಬದಲಾಗುತ್ತದೆ. ಇಂತಹ ಒಂಬತ್ತು ಸರದಿಗಳು ಸೇರಿ ಒಂದು ಪಂದ್ಯ. ಒಂದು ವರ್ಷದಲ್ಲಿ ಪ್ರತಿ ತಂಡವೂ ೧೬೨ ಪಂದ್ಯಗಳನ್ನು ಆಡುವುದು. ಇಷ್ಟು ಪಂದ್ಯಗಳ ಲೆಕ್ಕ ದೊರೆಯುವುದರಿಂದಲೇ ಈ ಆಟವು ಗಣಿತಕ್ಕೆ ಒಳ್ಳೆಯ ಹೊಲವಾಗಿದೆ.

ಬಿಲ್ ಜೇಮ್ಸ್ ಎಂಬ ಅಮೆರಿಕನ್ ಲೇಖಕನು ೧೯೮೦ರ ಸುಮಾರಿನಲ್ಲಿ ಒಂದು ಸರಳ ಸೂತ್ರವನ್ನು ಪ್ರಚುರಪಡಿಸಿದನು. ತಂಡವು ಗಳಿಸಿದ ಓಟಗಳ ವರ್ಗವನ್ನು ತೆಗೆದುಕೊಳ್ಳಿ. ಬಿಟ್ಟುಕೊಟ್ಟ ಓಟಗಳ ವರ್ಗವನ್ನೂ ತೆಗೆದುಕೊಳ್ಳಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಆ ತಂಡವು ಗೆಲ್ಲಬೇಕಾದ ಪಂದ್ಯಗಳ ಅನುಪಾತ ದೊರೆಯುವುದು. ವರ್ಗಗಳ ಮೊತ್ತವು ಬರುವುದರಿಂದ ಇದಕ್ಕೆ ಪೈಥಾಗೊರಸನ ಹೆಸರು ಅಂಟಿಕೊಂಡಿದೆ.

ಫ್ಲಾರಿಡಾ ಸಂಸ್ಥಾನದ ಟ್ಯಾಂಪಾ ಬೇ ತಂಡಕ್ಕೆ ಇದನ್ನು ಅನ್ವಯಿಸಿ ನೋಡೋಣ. ೧೯೯೮ರಲ್ಲಿ ಹುಟ್ಟಿದ ಈ ತಂಡವು ತನ್ನ ಮೊದಲ ಹತ್ತು ವರ್ಷಗಳಲ್ಲಿ ಒಂಬತ್ತು ಬಾರಿ ತನ್ನ ವಿಭಾಗದ ಕಡೆಯ ಸ್ಥಾನದಲ್ಲಿತ್ತು. ೨೦೦೭ರಲ್ಲಿ ಅದು ಗಳಿಸಿದ ಓಟಗಳು ೭೮೨, ಬಿಟ್ಟುಕೊಟ್ಟವು ೯೪೪. ಇವುಗಳ ವರ್ಗಗಳು ೬,೧೧,೫೨೪ ಮತ್ತು ೮,೯೧,೧೩೬, ಮೊತ್ತ ೧೫,೦೨,೬೬೦. ಭಾಗಿಸಿದರೆ ೦.೪೦೭ ಬರುತ್ತದೆ. ಇದನ್ನು ೧೬೨ರಿಂದ ಗುಣಿಸಿದರೆ ೬೬ ಗೆಲುವುಗಳು. ನಿಜವಾಗಿ ತಂಡವು ಗೆದ್ದುದೂ ೬೬! ಗ್ರಹಚಾರವನ್ನು ಹಳಿಯಲು ಇಲ್ಲಿ ಎಡೆಯೇ ಇಲ್ಲ; ಸೋಲೆಲ್ಲವೂ ಓಟಗಳ ಲೆಕ್ಕದಲ್ಲಿಯೇ ಇತ್ತು.

ಹಾಗಾದರೆ ರೋಗವಿದ್ದುದು ಎಲ್ಲಿ? ಆ ವರ್ಷ ಅಮೆರಿಕನ್ ಲೀಗಿನ ತಂಡವೊಂದರ ಸರಾಸರಿ ಗಳಿಕೆ ಸುಮಾರು ೭೯೦ ಓಟಗಳು. ಅಂದಮೇಲೆ ಟ್ಯಾಂಪಾದ ದಾಂಡಿಗರು ಸರಾಸರಿಗೆ ಹತ್ತಿರವೇ ಇದ್ದರು. ಆದರೆ ಬಿಟ್ಟುಕೊಟ್ಟ ಓಟಗಳು ಸರಾಸರಿಗಿಂತ ನೂರೈವತ್ತರಷ್ಟು ಹೆಚ್ಚು. ಹೆಸರಾಂತ ದಾಂಡಿಗನನ್ನು ತಂದಿದ್ದರೆ, ಕಾಲು ಮುರಿದವನ ಕೈಗೆ ಕಟ್ಟು ಹಾಕಿದಂತೆ ಆಗುತ್ತಿತ್ತು.

ಚೆಂಡೆಸೆಯುವವನು ಕೆಟ್ಟವನಾದುದರಿಂದ ಓಟಗಳು ಹೋದವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಮೈದಾನದೊಳಗೆ ಬಿದ್ದ ಚೆಂಡು ಔಟಾಗುವುದೋ ಇಲ್ಲವೋ ಎಂಬುದು ಎಸೆದವನಿಗಿಂತ ಹೆಚ್ಚಾಗಿ ಅವನ ಹಿಂದೆ ನಿಂತ ಕ್ಷೇತ್ರರಕ್ಷಕರನ್ನೂ ಆಕಸ್ಮಿಕವನ್ನೂ ಅವಲಂಬಿಸಿದೆ. ೨೦೦೧ರಲ್ಲಿ ವೊರೋಸ್ ಮೆಕ್‌ಕ್ರಾಕನ್ ಎಂಬಾತನು ಈ ಅಂಶವನ್ನು ಅಂಕಿಗಳಿಂದ ಎತ್ತಿ ತೋರಿಸಿದನು. ಸಾಮಾನ್ಯವಾಗಿ ಇಂತಹ ನೂರು ಚೆಂಡುಗಳಲ್ಲಿ ಎಪ್ಪತ್ತರಷ್ಟು ಔಟಾಗುತ್ತವೆ. ವರ್ಷವೊಂದಕ್ಕೆ ಒಂದು ತಂಡದ ಕ್ಷೇತ್ರರಕ್ಷಕರತ್ತ ನಾಲ್ಕು ಸಾವಿರಕ್ಕೂ ಹೆಚ್ಚು ಚೆಂಡುಗಳು ಬರುವುವು. ನೂರಕ್ಕೆ ಐದರಂತೆ ಹೆಚ್ಚು ಚೆಂಡುಗಳನ್ನು ಹಿಡಿದರೂ ಇನ್ನೂರು ಹೊಡೆತಗಳು ವ್ಯರ್ಥವಾಗುವುವು. ಹೀಗೆ ತಡೆದ ಒಂದೊಂದು ಹೊಡೆತಕ್ಕೂ ಸುಮಾರು ಮುಕ್ಕಾಲು ಓಟದ ಬೆಲೆಯುಂಟು. ಒಟ್ಟು ಉಳಿತಾಯ ನೂರೈವತ್ತು ಓಟಗಳು. ಹತ್ತು ಓಟಗಳ ವ್ಯತ್ಯಾಸಕ್ಕೆ ಒಂದು ಗೆಲುವೆಂಬುದು ಈ ಆಟದ ಸ್ಥೂಲವಾದ ಲೆಕ್ಕ. ಆದುದರಿಂದ ಇಷ್ಟರಿಂದಲೇ ಹದಿನೈದು ಗೆಲುವುಗಳು ಲಭಿಸಬಲ್ಲವು.

ಟ್ಯಾಂಪಾದವರು ಹಿಡಿದುದು ಈ ದಾರಿಯನ್ನೇ. ಡೆಲ್‌ಮನ್ ಯಂಗ್ ಎಂಬ ಭರವಸೆಯ ಎಳೆಯ ದಾಂಡಿಗನನ್ನು ಮಿನೆಸೋಟಾ ತಂಡಕ್ಕೆ ಬಿಟ್ಟುಕೊಟ್ಟು, ಚೆಂಡೆಸೆಯುವ ಮ್ಯಾಟ್ ಗಾರ್ಜಾನನ್ನೂ ಕ್ಷೇತ್ರರಕ್ಷಣೆಯಲ್ಲಿ ಚುರುಕಾದ ಜೇಸನ್ ಬಾರ್ಟ್‌ಲೆಟ್‌ನನ್ನೂ ಪಡೆದರು. ಮೂರನೆಯ ನೆಲೆಗೆ ಹೊಸಬನಾದ ಇವಾನ್ ಲಾಂಗೋರಿಯಾ ಬಂದನು. ಅಲ್ಲಿದ್ದ ಜಪಾನಿನ ಅಕಿನೊರಿ ಇವಾಮುರಾ ಎರಡನೆಯ ನೆಲೆಗೆ ಸರಿದನು. ಪಂದ್ಯದ ಕೊನೆಯ ಭಾಗದಲ್ಲಿ ಚೆಂಡೆಸೆಯುವವರ ಪಡೆಯನ್ನೂ ಬಲಪಡಿಸಿದರು. ತಂಡವನ್ನು ನಡೆಸುತ್ತಿದ್ದ ಜೋ ಮ್ಯಾಡನ್‌ನನ್ನು ಬದಲಿಸಲಿಲ್ಲ.

ಫಲವನ್ನು ನೋಡಿ. ೨೦೦೮ರಲ್ಲಿ ತಂಡವು ಗಳಿಸಿದ ಓಟಗಳು ೭೭೪, ಅಂದರೆ ಹಿಂದಿನ ವರ್ಷಕ್ಕಿಂತ ಎಂಟು ಕಡಿಮೆ! ಆದರೆ ಬಿಟ್ಟುಕೊಟ್ಟವು ಕೇವಲ ೬೭೧. ಮೈದಾನದೊಳಗಿನ ಚೆಂಡನ್ನು ಔಟಾಗಿಸುವುದರಲ್ಲಿ ಮೂವತ್ತು ತಂಡಗಳ ಪೈಕಿ ಕಡೆಯದಾಗಿದ್ದ ತಂಡವು ಒಂದೇ ವರ್ಷದಲ್ಲಿ ಮೊದಲನೆಯದಾಯಿತು. ಗೆಲುವುಗಳು ೬೬ರಿಂದ ೯೭ಕ್ಕೆ ಏರಿದವು. ನ್ಯೂಯಾರ್ಕಿನ ಯಾಂಕೀಸ್ ತಂಡವು ಆ ವರ್ಷ ಆಟಗಾರರ ವೇತನಕ್ಕಾಗಿ ೨೦ ಕೋಟಿ ಡಾಲರುಗಳಿಗೂ ಹೆಚ್ಚು ವೆಚ್ಚ ಮಾಡಿತ್ತು. ಟ್ಯಾಂಪಾದ ವೆಚ್ಚ ಅದರ ಕಾಲು ಭಾಗವೂ ಇರಲಿಲ್ಲ. ಆದರೂ ಅದೇ ವಿಭಾಗದಲ್ಲಿ ಟ್ಯಾಂಪಾ ಮೊದಲನೆಯದು, ಯಾಂಕೀಸ್ ಮೂರನೆಯದು. ವರ್ಷವಿಡೀ ಒಂದೇ ಒಂದು ಹೋಮ್‌ರನ್ ಹೊಡೆದ ಬಾರ್ಟ್‌ಲೆಟ್‌ನನ್ನೇ ಅಲ್ಲಿನ ಬೇಸ್‌ಬಾಲ್ ಬರಹಗಾರರು ತಂಡದ ಅತ್ಯಮೂಲ್ಯ ಆಟಗಾರನೆಂದು ಆರಿಸಿದರು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಸೂತ್ರದಂತೆ ೨೦೦೮ರಲ್ಲಿ ತಂಡವು ಗೆಲ್ಲಬೇಕಾದುದು ಸುಮಾರು ೯೩. ಉಳಿದ ನಾಲ್ಕನ್ನು ಅದೃಷ್ಟದ ಖಾತೆಗೆ ಬರೆಯಬಹುದು. ಮತ್ತೊಂದು ಮಾತು. ಲಾಂಗೋರಿಯಾನನ್ನು ತಂಡವು ೨೦೦೬ರಲ್ಲಿಯೇ ಆರಿಸಿಕೊಂಡಿತ್ತು. ಒಂದು ವರ್ಷದಲ್ಲಿ ಕಂಡ ಫಸಲಿನ ಹಿಂದೆ ಹಲವು ವರ್ಷಗಳ ಬಿತ್ತನೆಯಿರುತ್ತದೆ.

ಹಾಗೆಂದು ಕ್ಷೇತ್ರರಕ್ಷಣೆಯೇ ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ೨೦೦೩ರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡವು ೫೯೧ ಓಟಗಳನ್ನು ಗಳಿಸಿ ೯೨೮ನ್ನು ಬಿಟ್ಟುಕೊಟ್ಟಿತು. ಆ ವರ್ಷವೂ ಲೀಗಿನ ಸರಾಸರಿ ಸುಮಾರು ೭೯೦. ಈ ತಂಡದ ದೊಡ್ಡ ಕೊರತೆ ಯಾವ ಕಡೆಗಿತ್ತು, ಸೂತ್ರದಂತೆ ಅದು ಎಷ್ಟು ಪಂದ್ಯಗಳನ್ನು ಗೆಲ್ಲಬೇಕಾಗಿತ್ತು ಎಂಬುದನ್ನು ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ತಾವೇ ಲೆಕ್ಕ ಮಾಡಲಿ. ಉತ್ತರ ಸುಮಾರು ೪೭ ಬರಬೇಕು. ನಿಜವಾಗಿ ಗೆದ್ದುದು ೪೩. ಮರುವರ್ಷ ಆ ತಂಡದ ಗಳಿಕೆ ೮೨೭ ಓಟಗಳಿಗೆ ಏರಿತು, ಗೆಲುವುಗಳು ೭೨ ಆದವು. ಅಲ್ಲಿ ದಾಂಡಿನ ಬಲವೇ ಮುಖ್ಯ ಮದ್ದಾಯಿತು. ಎರಡು ತಂಡಗಳ ಸೋಲು ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಒಳಗಿನ ರೋಗ ಬೇರೆ ಬೇರೆ. ಸೋಲುವ ತಂಡಕ್ಕೆ ಮೊತ್ತಮೊದಲು ಬೇಕಾದುದು ಹೊಸ ಆಟಗಾರನಲ್ಲ. ತನ್ನ ಕೊರತೆ ಎಲ್ಲಿದೆ, ಎಷ್ಟಿದೆ ಎಂಬುದರ ಸರಿಯಾದ ಲೆಕ್ಕ.