ವಿಮಾನ ತಡವಾದರೂ ಊಟ ತಪ್ಪಬಾರದು

ಅಪ್ಪ ಅಮ್ಮನಿಗೆ ವಿಮಾನದ ಟಿಕೆಟ್ ಮಾಡಿಸಿ, ವಾಟ್ಸಾಪಿಗೆ ಪಿಡಿಎಫ್ ಹಾಕಿ, ಕ್ಯಾಬ್ ಹತ್ತಿಸಿ ಕೈ ಬೀಸುವ ಮಕ್ಕಳಿಗೆ ನನ್ನದೊಂದು ಮಾತಿದೆ. ಬೆಂಗಳೂರಿನ ನಮ್ಮ ಹೇರೋಹಳ್ಳಿ, ಸುಂಕದಕಟ್ಟೆ, ಬ್ಯಾಡರಹಳ್ಳಿ ಕಡೆ ಈಗ ವಿಮಾನ ಹತ್ತದ ಮನೆ ಕಡಿಮೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವವರು, ಕಾಶಿಗೆ ಹೋಗುವವರು, ಮಗನ ಮನೆಗೆಂದು ಪುಣೆಗೋ ದೆಹಲಿಗೋ ಹೋಗುವವರು ಬೀದಿಬೀದಿಯಲ್ಲೂ ಇದ್ದಾರೆ. ಟಿಕೆಟ್ ಮಾಡುವಾಗ ದರ ನೋಡುತ್ತೀರಿ, ಕಿಟಕಿ ಪಕ್ಕದ ಸೀಟು ನೋಡುತ್ತೀರಿ, ಲಗೇಜು ಎಷ್ಟು ಕೆ.ಜಿ. ಅಂತ ನೋಡುತ್ತೀರಿ. ವಿಮಾನ ರದ್ದಾಗಿ ಇನ್ನೊಂದಕ್ಕೆ ಹಾಕಿದರೆ ಆ ಹೊತ್ತಿನ ಊಟದ ಗತಿ ಏನು ಅನ್ನುವುದನ್ನು ಮಾತ್ರ ಯೋಚಿಸುವುದಿಲ್ಲ.

ಯೋಚಿಸಲೇಬೇಕು. ಯಾಕೆಂದರೆ ನಮ್ಮ ಕಾಲದವರು ಬಾಯಿಬಿಟ್ಟು ಊಟ ಕೇಳುವವರಲ್ಲ.

ನಮ್ಮ ಬೀದಿಯ ಹಿರಿಯ ದಂಪತಿಯ ವಿಷಯ ಹೇಳುತ್ತೇನೆ. ರಾತ್ರಿ ವಿಮಾನ. ಯಜಮಾನರಿಗೆ ಸಕ್ಕರೆ ಕಾಯಿಲೆ. ಇನ್ನೇನು ಹತ್ತಿದ ಕೂಡಲೇ ಊಟ ಕೊಡುತ್ತಾರೆ ಅಂದುಕೊಂಡು ಊಟಕ್ಕೆ ಮುಂಚಿನ ಮಾತ್ರೆ ನುಂಗಿ ಕೂತರು. ವಿಮಾನ ಒಂದು ಗಂಟೆ ತಡ ಅಂದರು, ಆಮೇಲೆ ಎರಡು ಗಂಟೆ ಅಂದರು, ಕೊನೆಗೆ ಬೆಳಗಿನ ವಿಮಾನಕ್ಕೆ ಬದಲಾಯಿಸಿದರು. ಅಷ್ಟು ಹೊತ್ತಿಗೆ ಇವರ ಹಣೆ ಬೆವೆತು, ಕೈ ನಡುಗತೊಡಗಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಗಮನಿಸಿ ತನ್ನ ಚೀಲದಿಂದ ಬಿಸ್ಕತ್ತು, ಹಣ್ಣಿನ ರಸ ಕೊಟ್ಟಳು, ಚೇತರಿಸಿಕೊಂಡರು. ನಾಲ್ಕು ಹೆಜ್ಜೆ ಆಚೆಯ ಕೌಂಟರಿನಲ್ಲಿ ಊಟದ ಕೂಪನ್ ಹಂಚುತ್ತಿದ್ದರು. ಆ ತಾಯಿ ಆಮೇಲೆ ನನಗೆ ಹೇಳಿದ್ದು ಇಷ್ಟೇ: “ಅಷ್ಟು ಜನರ ಮುಂದೆ ಹೋಗಿ ಊಟ ಕೊಡಿ ಅಂತ ಹೇಗೆ ಕೈ ಚಾಚೋದು ಅಂತ ಸುಮ್ಮನೆ ಕೂತ್ವಿ.”

ಮನೆಗೆ ಬಂದವರಿಗೆಲ್ಲ ಬಡಿಸಿದ ಕೈ ಅದು, ಚಾಚಲು ಸಂಕೋಚ. ಆ ಸಂಕೋಚ ಕಳೆಯುವ ಕೆಲಸ ನಿಮ್ಮದು. ಹೊರಡುವ ಮುಂಚೆ ಅವರನ್ನು ಎದುರಿಗೆ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿ: ವಿಮಾನ ತಡವಾದಾಗ ಕೊಡುವ ಊಟ ಯಾರ ದಾನವೂ ಅಲ್ಲ, ಕೊಡಲೇಬೇಕೆಂದು ಸರ್ಕಾರದ ನಿಯಮವಿದೆ.

ಆ ನಿಯಮ ನಿಮಗೆ ಬಾಯಿಪಾಠ ಆಗಿರಲಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಡಿಜಿಸಿಎ ಅನ್ನುವ ಕಚೇರಿ, 2010ರಲ್ಲೇ ಈ ಬಗ್ಗೆ ನಿಯಮ ಮಾಡಿತು. 2024ರ ನವೆಂಬರಿನಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿತು: ಎರಡು ಗಂಟೆಯವರೆಗಿನ ತಡಕ್ಕೆ ಕುಡಿಯುವ ನೀರು, ಎರಡರಿಂದ ನಾಲ್ಕು ಗಂಟೆಯಾದರೆ ಕಾಫಿ ಅಥವಾ ಟೀ ಜೊತೆಗೆ ತಿಂಡಿ, ನಾಲ್ಕು ಗಂಟೆ ಮೀರಿದರೆ ಊಟ. ನಿಲ್ದಾಣಕ್ಕೆ ಬಂದು ಹಾಜರಿ ಕೊಟ್ಟ ಮೇಲೆ ವಿಮಾನ ರದ್ದಾಗಿ, ಬದಲಿ ವಿಮಾನಕ್ಕೆ ಕಾಯುವವರಿಗೂ ಊಟೋಪಚಾರ ಸಲ್ಲುತ್ತದೆ. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ರೂಮನ್ನೂ ಕೇಳಬಹುದು. ಮಂಜು, ಬಿರುಗಾಳಿಯಂಥ ಕಾರಣಕ್ಕೆ ಪರಿಹಾರದ ಹಣ ಸಿಗದೆ ಹೋಗಬಹುದು. ಹಾಗಂತ ನೀರು, ತಿಂಡಿ ಕೇಳಲು ಹಿಂಜರಿಯಬೇಡಿ. ಚಳಿಗಾಲದ ಬೆಳಗಿನಲ್ಲಿ ದೇವನಹಳ್ಳಿಯ ನಮ್ಮ ವಿಮಾನ ನಿಲ್ದಾಣಕ್ಕೆ ಮಂಜು ಮುಸುಕುವುದು ಹೊಸದೇನಲ್ಲವಲ್ಲ.

ಎಂದೋ ಒಮ್ಮೆ ಆಗುವುದಕ್ಕೆ ಇಷ್ಟೆಲ್ಲ ಯಾಕೆ ಅನ್ನಬೇಡಿ. 2025ರ ಡಿಸೆಂಬರ್ ಮೊದಲ ವಾರ ನೆನಪಿಸಿಕೊಳ್ಳಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ಇಳಿಸುವ ವಿಮಾನಗಳ ಸಂಖ್ಯೆಗೆ ಮಿತಿ ಹಾಕಿದ ನಿಯಮ ನವೆಂಬರಿನಲ್ಲಿ ಪೂರ್ತಿ ಜಾರಿಗೆ ಬಂತು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದ ಇಂಡಿಗೋ ಸಂಸ್ಥೆಯ ವಿಮಾನಗಳು ಸಾಲುಸಾಲಾಗಿ ರದ್ದಾದವು. ಡಿಸೆಂಬರ್ 5ರ ಒಂದೇ ದಿನ ದೇಶದಲ್ಲಿ ಸಾವಿರಕ್ಕೂ ಹೆಚ್ಚು, ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ನೂರಕ್ಕೂ ಹೆಚ್ಚು. ಹುಬ್ಬಳ್ಳಿಯಲ್ಲಿ ಆರತಕ್ಷತೆಗೆ ಬರಬೇಕಿದ್ದ ವಧೂವರರು ಭುವನೇಶ್ವರದಲ್ಲೇ ಸಿಕ್ಕಿಕೊಂಡು, ವಿಡಿಯೊ ಮೂಲಕ ಅತಿಥಿಗಳಿಗೆ ಕೈಮುಗಿದರು. ನಿಲ್ದಾಣದ ನೆಲದ ಮೇಲೆ ಮಲಗಿದವರ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಅವರಲ್ಲಿ ವಯಸ್ಸಾದವರೂ ಇದ್ದರು, ಕೈಗೂಸುಗಳೂ ಇದ್ದವು.

ಅಂಥ ದಿನ ನಮ್ಮ ಕಡೆಯವರಿಗೆ ಮನೆಗೆ ಬಂದು ಉಂಡು ಹೋಗುವ ಮಾತೇ ಇಲ್ಲ. ಹೇರೋಹಳ್ಳಿಯಿಂದ ಮಾಗಡಿ ರಸ್ತೆ, ಸುಮನಹಳ್ಳಿ, ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ ದೇವನಹಳ್ಳಿ ಮುಟ್ಟಲು 40 ಕಿ.ಮೀ.ಗೂ ಮೇಲೆ. ಆಫೀಸ್ ಹೊತ್ತಿನಲ್ಲಿ ಗೊರಗುಂಟೆಪಾಳ್ಯದ ಸಿಗ್ನಲ್ ಒಂದೇ ಸಾಕು ಜೀವ ಹಿಂಡಲು. ಅಲ್ಲೇ ಕಾಯಬೇಕು, ಅಲ್ಲೇ ಉಣ್ಣಬೇಕು.

ಈಗ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಗೆ ಬರೋಣ. ಬದಲಿ ವಿಮಾನ ಕೊಟ್ಟಾಗ ನಿಮ್ಮ ಸೀಟು ಅತ್ತ ಹೋಗುತ್ತದೆ, ಊಟ ಹೋಗುತ್ತದೆಂಬ ಖಾತ್ರಿಯಿಲ್ಲ. ವಿಮಾನದ ಊಟ ಆ ಕ್ಷಣಕ್ಕೆ ಮಾಡುವುದಲ್ಲ. ನಿಲ್ದಾಣದ ಹತ್ತಿರದ ದೊಡ್ಡ ಅಡುಗೆಮನೆಗಳಲ್ಲಿ ಗಂಟೆಗಟ್ಟಲೆ ಮುಂಚೆಯೇ ಬೇಯಿಸಿ, ಬೇಗ ತಣ್ಣಗಾಗಿಸಿ, ತಟ್ಟೆಗಳಿಗೆ ಜೋಡಿಸಿ, ಲಾರಿಯಲ್ಲಿ ತಂದು ಏರಿಸುತ್ತಾರೆ. ಆಕಾಶದಲ್ಲಿ ಆಗುವುದು ಬಿಸಿ ಮಾಡುವ ಕೆಲಸ ಮಾತ್ರ. ಎಷ್ಟು ಜನ, ಎಷ್ಟು ಸಸ್ಯಾಹಾರ, ಎಷ್ಟು ಪಥ್ಯದ ಊಟ ಅನ್ನುವ ಲೆಕ್ಕ ಮೊದಲೇ ಹೋಗಿರುತ್ತದೆ. ಕೊನೆ ಗಳಿಗೆಯಲ್ಲಿ ಸೇರಿಕೊಂಡವರು ಮಿಕ್ಕಿದ್ದನ್ನು ತೆಗೆದುಕೊಳ್ಳಬೇಕು. ಎಷ್ಟೋ ಸಲ ಮಿಕ್ಕಿರುವುದು ಮಾಂಸಾಹಾರ. ವಿಶೇಷ ಊಟಕ್ಕೆ ಸಾಮಾನ್ಯವಾಗಿ 24 ಗಂಟೆ ಮುಂಚೆ ಹೇಳಿರಬೇಕು. ಹೀಗಾಗಿ ಬೆಳಗ್ಗೆ ಬದಲಾದ ಟಿಕೆಟ್ಟಿಗೆ ಸಂಜೆ ಡಯಾಬಿಟಿಕ್ ಊಟ ಬರುತ್ತದೆಂದು ನಂಬಿ ಕೂರಬಾರದು.

ಆದ್ದರಿಂದ ಟಿಕೆಟ್ ಬದಲಾದ ತಕ್ಷಣ ಕೌಂಟರಿನಲ್ಲಿ ಮೂರು ಪ್ರಶ್ನೆ ಕೇಳಲಿ: ಈ ವಿಮಾನದಲ್ಲಿ ಊಟ ಇದೆಯೇ? ನಮ್ಮ ಸಸ್ಯಾಹಾರದ ಬೇಡಿಕೆ ಹೊಸ ಟಿಕೆಟ್ಟಿನಲ್ಲಿ ಕಾಣುತ್ತಿದೆಯೇ? ಅಲ್ಲಿಯವರೆಗೆ ಕೂಪನ್ ಎಲ್ಲಿ ಕೊಡುತ್ತೀರಿ? ಅಗ್ಗದ ವಿಮಾನದಲ್ಲಿ ಊಟಕ್ಕೆ ಮೊದಲೇ ದುಡ್ಡು ಕಟ್ಟಿದ್ದರೆ, ಅದು ಹೊಸ ವಿಮಾನಕ್ಕೆ ಬಂತೋ, ದುಡ್ಡು ವಾಪಸ್ಸು ಬರುತ್ತದೋ ಅನ್ನುವುದನ್ನೂ ಕೇಳಬೇಕು.

ಊಟ ಆರಿಸುವಾಗಲೂ ಹುಷಾರು. ವಿದೇಶದ ವಿಮಾನಗಳಲ್ಲಿ ‘ಹಿಂದೂ ಮೀಲ್’ ಎಂದಿರುವುದನ್ನು ಸಸ್ಯಾಹಾರ ಅಂದುಕೊಂಡು ಒತ್ತುವವರು ಬಹಳ. ಅದರಲ್ಲಿ ದನದ ಮಾಂಸ ಇರುವುದಿಲ್ಲ, ಅಷ್ಟೇ. ಕೋಳಿ, ಕುರಿ, ಮೀನು ಇರಬಹುದು. ನಮ್ಮ ಸಸ್ಯಾಹಾರಿ ಹಿರಿಯರಿಗೆ ಒಗ್ಗುವುದು ‘ಏಷ್ಯನ್ ವೆಜಿಟೇರಿಯನ್ ಮೀಲ್’; ಟಿಕೆಟ್ಟಿನಲ್ಲಿ ಎವಿಎಂಎಲ್ ಎಂಬ ನಾಲ್ಕು ಅಕ್ಷರ ಇರುತ್ತವೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರಿಗೆ ಜೈನ ಊಟ ಸರಿ.

ಇಷ್ಟೆಲ್ಲ ಕೇಳಿದರೂ ಕೈಚೀಲದಲ್ಲಿ ಒಂದು ಹೊತ್ತಿನ ಆಹಾರ ಇರಲೇಬೇಕು. ಮೆಂತ್ಯದ ಚಪಾತಿ, ಒಣ ಪಲ್ಯ, ಒಗ್ಗರಣೆ ಹಾಕಿದ ಗಟ್ಟಿ ಅವಲಕ್ಕಿ, ಹುರಿಗಡಲೆ ಬೇಗ ಕೆಡುವುದಿಲ್ಲ. ವಿದೇಶ ಪ್ರಯಾಣದಲ್ಲಿ ಮೊಸರು, ಸಾರು, ಉಪ್ಪಿನಕಾಯಿ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೆ ಹೋಗುತ್ತವೆ. ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಅದರ ಎಣ್ಣೆಯಂಶದಿಂದ ಬೆಂಕಿಯ ಭಯವಿದೆ. ತಾಂಬೂಲದಲ್ಲಿ ಬಂದ ಕೊಬ್ಬರಿ ಗಿಟಕು ಚೀಲದ ತಳದಲ್ಲಿ ಉಳಿದಿದೆಯೇ ನೋಡಿ ತೆಗೆದಿಡಿ. ಅಮೆರಿಕ, ಆಸ್ಟ್ರೇಲಿಯಾಕ್ಕೆ ಹೋಗುವವರು ಬಾಳೆಹಣ್ಣನ್ನು ಇಳಿಯುವ ಮುಂಚೆಯೇ ತಿಂದು ಮುಗಿಸಲಿ. ಮಾತ್ರೆ, ಇನ್ಸುಲಿನ್ ಸದಾ ಕೈಚೀಲದಲ್ಲೇ, ವೈದ್ಯರ ಚೀಟಿಯ ಜೊತೆ. ಊಟಕ್ಕೆ ಮುಂಚಿನ ಮಾತ್ರೆಯನ್ನು ತಟ್ಟೆ ಕಣ್ಣೆದುರಿಗೆ ಬಂದ ಮೇಲೆಯೇ ತೆಗೆದುಕೊಳ್ಳಬಹುದೇ ಎಂದು ಅವರ ಡಾಕ್ಟರನ್ನು ಮೊದಲೇ ಕೇಳಿಡಿ.

ಹೊರದೇಶದ ನಿಯಮ ಬೇರೆ ಬೇರೆ. ಯೂರೋಪಿನ ಒಕ್ಕೂಟದ ಕಾನೂನು ಬಹಳ ಗಟ್ಟಿ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತಾಗ, ಇದು ನಮ್ಮ ತಪ್ಪಲ್ಲ ಎಂದು ಒಂದು ಸಂಸ್ಥೆ ವಾದಿಸಿತು. ಅಲ್ಲಿನ ನ್ಯಾಯಾಲಯ 2013ರಲ್ಲಿ, ಕಾರಣ ಏನೇ ಇರಲಿ, ಊಟ ವಸತಿ ನೋಡಿಕೊಳ್ಳುವ ಹೊಣೆ ತಪ್ಪುವುದಿಲ್ಲ ಎಂದಿತು. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಡುವ ಯಾವ ವಿಮಾನಕ್ಕೂ ಇದು ಅನ್ವಯ. ಅಮೆರಿಕದಲ್ಲಿ ಊಟ ಕೊಡಲೇಬೇಕೆಂಬ ಕಾನೂನಿಲ್ಲ. ಸಂಸ್ಥೆಯ ಕಾರಣದಿಂದಲೇ ಮೂರು ಗಂಟೆ ಮೀರಿ ತಡವಾದರೆ ಕೊಡುತ್ತೇವೆಂದು ದೊಡ್ಡ ಸಂಸ್ಥೆಗಳು ಒಪ್ಪಿಕೊಂಡಿವೆ. ಇನ್ನೊಂದು ಮಾತು: ನಾಲ್ಕು ಕಾಸು ಉಳಿಸಲು ಎರಡು ಬೇರೆ ಬೇರೆ ಟಿಕೆಟ್ ಕೊಂಡು ಜೋಡಿಸಿದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ನಡುವೆ ಊಟ ಕೇಳಲು ಯಾರೂ ಸಿಗುವುದಿಲ್ಲ. ವಯಸ್ಸಾದವರಿಗೆ ಒಂದೇ ಟಿಕೆಟ್ಟಿನಲ್ಲಿ ಪೂರ್ತಿ ಪ್ರಯಾಣ ಮಾಡಿಸಿ.

ಟಿಕೆಟ್ ಮಾಡುವಾಗ ಅವರ ಮೊಬೈಲ್ ನಂಬರನ್ನೂ ಕೊಡಿ. ನಿಮ್ಮ ನಂಬರೊಂದೇ ಇದ್ದರೆ ವಿಮಾನ ತಡವಾದ ಮೆಸೇಜು ನೀವು ಮೀಟಿಂಗಿನಲ್ಲಿರುವಾಗ ಬಂದು ಬಿದ್ದಿರುತ್ತದೆ; ಅತ್ತ ಅವರಿಗೆ ಏನೂ ಗೊತ್ತಿರುವುದಿಲ್ಲ. ಊಟದ ಕೂಪನ್ ಮೊಬೈಲಿಗೇ ಬರುವುದೂ ಉಂಟು. “ಹೊರಗೆ ತಿನ್ನಿ, ಆಮೇಲೆ ದುಡ್ಡು ಕೊಡುತ್ತೇವೆ” ಅಂದರೆ ಆ ಮಾತನ್ನು ಮೆಸೇಜಿನಲ್ಲಿ ಪಡೆದು, ಬಿಲ್ಲಿನ ಫೋಟೊ ತೆಗೆದಿಡಲಿ. ಕೊಡದೆ ಸತಾಯಿಸಿದರೆ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ಹಾಕಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕೇಳುವಾಗ ದನಿ ಎತ್ತಬೇಡಿ. ಕೌಂಟರಿನ ಆಚೆ ನಿಂತ ಹುಡುಗ ಹುಡುಗಿಯರೂ ನಿಮ್ಮ ವಯಸ್ಸಿನವರೇ, ವಿಮಾನ ರದ್ದು ಮಾಡಿದ್ದು ಅವರಲ್ಲ. ಎಷ್ಟೋ ದಿನ ಅವರಿಗೇ ಊಟ ಆಗಿರುವುದಿಲ್ಲ. “ಅಮ್ಮನಿಗೆ ಎಪ್ಪತ್ತು, ಶುಗರ್ ಇದೆ, ನಾಲ್ಕು ಗಂಟೆ ಆಯಿತು, ಊಟದ ವ್ಯವಸ್ಥೆ ಮಾಡಿ” ಎಂದು ಹೇಳಿದರೆ ಕಿವಿಗೊಡುವವರೇ ಹೆಚ್ಚು. ಪಕ್ಕದಲ್ಲಿ ಒಂಟಿಯಾಗಿ ಕೂತ ಹಿರಿಯರಿದ್ದರೆ ಅವರ ಹೆಸರನ್ನೂ ಸೇರಿಸಿ ಕೇಳಿ. ನಿಮ್ಮ ಅಪ್ಪ ಅಮ್ಮ ಇನ್ನೆಲ್ಲೋ ಕೂತಾಗ ಮತ್ಯಾರದೋ ಮಕ್ಕಳು ಹಾಗೆ ಕೇಳಲಿ ಅನ್ನುವುದೇ ನನ್ನ ಆಸೆ.

ಮುಂದಿನ ಪ್ರಯಾಣಕ್ಕೆ ಚೀಲ ಕಟ್ಟುವ ದಿನ, ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಟಿಕೆಟ್ಟಿನ ಪಿಎನ್ಆರ್, ವಿಮಾನ ಸಂಸ್ಥೆಯ ಫೋನ್ ನಂಬರ್, ಮಾತ್ರೆಯ ಹೊತ್ತು ಬರೆಯಿರಿ. ಅದರ ಕೆಳಗೆ ಇಷ್ಟನ್ನೂ ಸೇರಿಸಿ: “ಎರಡು ಗಂಟೆ ದಾಟಿದರೆ ತಿಂಡಿ, ನಾಲ್ಕು ದಾಟಿದರೆ ಊಟ. ಧೈರ್ಯವಾಗಿ ಕೇಳಿ.” ಅಮ್ಮನ ಪರ್ಸಿನಲ್ಲೊಂದು, ಅಪ್ಪನ ಜೇಬಿನಲ್ಲೊಂದು ಇಡಿ.