ಸಬ್ಬಕ್ಕಿಯ ಊರು ಯಾವುದು?

ಮಕ್ಕಳೇ, ಮನೆಯಲ್ಲಿ ಸಬ್ಬಕ್ಕಿ ಪಾಯಸ ಮಾಡುವ ದಿನ ಒಂದು ಕಾಳನ್ನು ಅಂಗೈಲಿಟ್ಟು ನೋಡಿ. ಹೆಸರಿನಲ್ಲಿ ಅಕ್ಕಿ ಇದೆ, ಅದು ಅಕ್ಕಿಯಲ್ಲ. ಕಾಳಿನ ಹಾಗೆ ಕಾಣುತ್ತೆ, ಆದರೆ ಯಾವ ಗಿಡದಲ್ಲೂ ಬಿಟ್ಟದ್ದಲ್ಲ. ನಮ್ಮ ಸೇಲಂ, ಆತ್ತೂರು, ಪಾಪಿರೆಡ್ಡಿಪಟ್ಟಿ ಕಡೆಯ ಹೊಲಗಳಲ್ಲಿ ಬೆಳೆಯುವ ಮರಗೆಣಸಿನ ಪಿಷ್ಟ ಅದು. ಗೆಡ್ಡೆಯನ್ನು ತೊಳೆದು, ಸಿಪ್ಪೆ ತೆಗೆದು, ಅರೆದು, ಸೋಸಿದ ಹಾಲನ್ನು ತೊಟ್ಟಿಯಲ್ಲಿ ಬಿಡುತ್ತಾರೆ. ಪಿಷ್ಟ ತಳದಲ್ಲಿ ಕೂರುತ್ತೆ. ಆ ಒದ್ದೆ ಪಿಷ್ಟವನ್ನು ಗುಂಡು ಕಾಳಾಗಿಸಿ, ಹುರಿದು ಅಥವಾ ಹಬೆಯಲ್ಲಿ ಬೇಯಿಸಿ, ಬಿಸಿಲಲ್ಲಿ ಒಣಗಿಸುತ್ತಾರೆ.

ಮರಗೆಣಸು ದಕ್ಷಿಣ ಅಮೆರಿಕದ ಗಿಡ. ಹಿಂದೆ ಸಬ್ಬಕ್ಕಿ ನಮಗೆ ಹಡಗಿನಲ್ಲಿ ಆಗ್ನೇಯ ಏಷ್ಯಾದಿಂದ ಬರುತ್ತಿತ್ತು. ಅಲ್ಲಿ ಸಾಗೋ ಎಂಬ ತಾಳೆ ಜಾತಿಯ ಮರದ ತಿರುಳಿನಿಂದಲೂ ಇಂಥ ಕಾಳು ಮಾಡುತ್ತಾರೆ. ತಮಿಳಿನ ‘ಜವ್ವರಿಸಿ’ ಎಂದರೆ ಜಾವಾದ ಅಕ್ಕಿ ಎನ್ನುವವರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಆಮದು ನಿಂತಾಗ, 1943ರ ಸುಮಾರಿಗೆ, ಸೇಲಂನಲ್ಲೇ ಮರಗೆಣಸಿನಿಂದ ತಯಾರಿ ಶುರುವಾಯಿತು. 2023ರಲ್ಲಿ ‘ಸೇಲಂ ಜವ್ವರಿಸಿ’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಈಗ ಬಂದರಿಗೆ ಹೋಗೋಣ. ಹೊರದೇಶದಿಂದ ಒಂದು ಮೂಟೆ ಬಂತು ಅಂತಿಟ್ಟುಕೊಳ್ಳಿ. ಕಸ್ಟಮ್ಸ್ ಅಧಿಕಾರಿ ಎರಡು ಪ್ರಶ್ನೆ ಕೇಳುತ್ತಾರೆ: ಇದು ಏನು? ಇದು ಎಲ್ಲಿಯದು?

ಇದು ಏನು?

ಜೀವಶಾಸ್ತ್ರದಲ್ಲಿ ಜಾತಿ, ಕುಲ, ಕುಟುಂಬ ಎಂದು ವರ್ಗೀಕರಿಸುವ ಹಾಗೆ ಸರಕಿಗೂ ವರ್ಗೀಕರಣವಿದೆ. ವಿಶ್ವ ಕಸ್ಟಮ್ಸ್ ಸಂಘಟನೆಯ ಈ ಪದ್ಧತಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ. ಭಾರತ ಇನ್ನೆರಡು ಸೇರಿಸಿ ಎಂಟು ಮಾಡಿಕೊಂಡಿದೆ. ಒಂದೇ ಮರಗೆಣಸು ಹೇಗೆ ಮನೆ ಬದಲಿಸುತ್ತೆ ನೋಡಿ:

ಗೆಡ್ಡೆ – 0714
ಗೆಡ್ಡೆಯ ಹಿಟ್ಟು – 1106
ಪಿಷ್ಟ – 1108
ಸಬ್ಬಕ್ಕಿ – 1903

ಸುಂಕ ಎಷ್ಟೆಂಬುದು ಈ ಸಂಖ್ಯೆಯ ಮೇಲೆ ನಿಂತಿದೆ. ಅದಕ್ಕೇ ಸಂಖ್ಯೆಯ ಬಗ್ಗೆ ಜಗಳ ಬರುವುದು. ಅನುಮಾನವಿದ್ದವರು ಸರಕು ತರಿಸುವ ಮೊದಲೇ ಕೇಳಿ ತಿಳಿಯಲು ದೆಹಲಿ ಮತ್ತು ಮುಂಬೈಯಲ್ಲಿ ಮುಂಗಡ ತೀರ್ಪು ಪ್ರಾಧಿಕಾರಗಳಿವೆ. ಅಲ್ಲಿ ಸರಕು ಯಾವುದರಿಂದ, ಹೇಗೆ ತಯಾರಾಯಿತು ಎಂಬುದನ್ನೆಲ್ಲ ವಿವರಿಸಬೇಕು. ಅಂದರೆ ತೀರ್ಪು ಕಾನೂನಿನದು, ಅದರ ಬುನಾದಿ ಎಷ್ಟೋ ಸಲ ವಿಜ್ಞಾನದ್ದು.

ಒಂದು ಸೂಕ್ಷ್ಮ ಗಮನಿಸಿ. ಪಿಷ್ಟದಲ್ಲಿ ಮುಸುಕಿನ ಜೋಳದ್ದು 1108.12, ಮರಗೆಣಸಿನದು 1108.14, ಬೇರೆ ಬೇರೆ. ಆದರೆ 1903ರಲ್ಲಿ ಮರಗೆಣಸಿನ ಕಾಳಿನ ಜೊತೆ ಬೇರೆ ಪಿಷ್ಟದಿಂದ ಮಾಡಿದ ಬದಲಿ ಕಾಳುಗಳೂ ಸೇರುತ್ತವೆ. ಹಾಗಾಗಿ ಕಾಳಿನ ಸಂಖ್ಯೆ ನೋಡಿ ಮಾತ್ರ ಒಳಗಿನ ಪಿಷ್ಟ ಯಾವುದೆಂದು ಹೇಳಲಾಗದು. ಪರೀಕ್ಷೆಯೇ ಬೇಕು.

ಮಾಡಿ ನೋಡಿ

ಮರಗೆಣಸಿನ ಪಿಷ್ಟ, ಜೋಳದ ಪಿಷ್ಟ (ಅಂಗಡಿಯ ಕಾರ್ನ್‌ಫ್ಲೋರ್) ಎರಡನ್ನೂ ಬೇರೆ ಬೇರೆ ನೀರಲ್ಲಿ ಕಲಸಿ ಒಂದು ಹನಿ ತೆಳು ಅಯೋಡಿನ್ ಹಾಕಿ. ಎರಡೂ ಕಡುನೀಲಿ! ಅಯೋಡಿನ್ ‘ಪಿಷ್ಟ ಇದೆ’ ಎನ್ನುತ್ತೆ, ‘ಯಾರ ಪಿಷ್ಟ’ ಎನ್ನುವುದಿಲ್ಲ. ಈಗ ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದಾಗಿಸಿ ನೋಡಿ. ಮರಗೆಣಸಿನ ಕಣಗಳಲ್ಲಿ ಹಲವು ಒಂದು ಬದಿ ಕತ್ತರಿಸಿದ ಚೆಂಡಿನಂತೆ. ಜೋಳದವು ಹೆಚ್ಚಾಗಿ ಮೂಲೆ ಮೂಲೆಯಾಗಿ. ಹಸಿ ಪಿಷ್ಟವನ್ನೇ ಬಳಸಿ. ಬೇಯಿಸಿದ ಕಾಳಿನಲ್ಲಿ ಕಣಗಳು ಉಬ್ಬಿ ಒಡೆದು ಆಕಾರ ಕಳೆದುಕೊಂಡಿರುತ್ತವೆ.

ಆಗ ಏನು ಮಾಡುವುದು? ದೊಡ್ಡ ಪ್ರಯೋಗಾಲಯದಲ್ಲಿ ಕಾರ್ಬನ್ ಪರಮಾಣುಗಳನ್ನು ಅಳೆಯಬಹುದು. ಜೋಳ C4 ಗಿಡ, ದ್ಯುತಿಸಂಶ್ಲೇಷಣೆಯ ದಾರಿಯೇ ಬೇರೆ. ಅದರಲ್ಲಿ ಕಾರ್ಬನ್-13ರ ಪಾಲು ಮರಗೆಣಸಿನಲ್ಲಿರುವುದಕ್ಕಿಂತ ತುಸು ಹೆಚ್ಚು. ಬೇಯಿಸಿದರೂ ಈ ಗುರುತು ಅಳಿಸುವುದಿಲ್ಲ.

ಇದು ಎಲ್ಲಿಯದು?

ಗೆಡ್ಡೆ ಬೆಳೆದ ದೇಶವೋ, ಕಾಳು ಮಾಡಿದ ದೇಶವೋ, ಪೊಟ್ಟಣ ಕಟ್ಟಿದ ದೇಶವೋ? ನಿಮ್ಮ ಪಾಠದ ಭೌತಿಕ ಬದಲಾವಣೆ, ರಾಸಾಯನಿಕ ಬದಲಾವಣೆ ನೆನಪಿದೆಯಾ? ಇಲ್ಲೂ ಅಂಥದೇ ಪ್ರಶ್ನೆ: ಸರಕು ನಿಜಕ್ಕೂ ಬದಲಾಯಿತೇ? ಭಾರತ–ಆಸಿಯಾನ್ ವ್ಯಾಪಾರ ಒಪ್ಪಂದದ ಸಾಮಾನ್ಯ ನಿಯಮದಂತೆ, ಹೊರಗಿನ ಕಚ್ಚಾವಸ್ತು ಬಳಸಿದ್ದರೆ ಮೊದಲ ಆರು ಅಂಕಿ ಬದಲಾಗಬೇಕು, ಬೆಲೆಯಲ್ಲಿ ಕನಿಷ್ಠ 35% ಒಪ್ಪಂದದ ದೇಶಗಳದ್ದಾಗಿರಬೇಕು. ಬರೀ ಚೀಲ ಬದಲಿಸಿದರೆ ಊರು ಬದಲಾಗುವುದಿಲ್ಲ. ಆಮದಾದ ಪೊಟ್ಟಣದ ಮೇಲೆ ಮೂಲ ದೇಶದ ಹೆಸರು ಇರಬೇಕೆಂದು ನಮ್ಮ ಕಾನೂನೂ ಹೇಳುತ್ತೆ.

ಜೋಳವೋ ಮರಗೆಣಸೋ ಎಂದು ಹೇಳಿದ ಆ ಕಾರ್ಬನ್ ಪರೀಕ್ಷೆ, ಸೇಲಂ ಗೆಡ್ಡೆಯೋ ಥಾಯ್ಲೆಂಡ್ ಗೆಡ್ಡೆಯೋ ಎಂದು ಸುಲಭವಾಗಿ ಹೇಳದು. ಎರಡೂ ಅದೇ ಗಿಡ ತಾನೇ? ಅಲ್ಲಿ ದಾಖಲೆಗಳ ಪ್ರಾಮಾಣಿಕತೆಯೇ ಆಧಾರ.

ಇದರಿಂದ ಯಾರಿಗೇನು ಅಂತೀರಾ? ಗೆಡ್ಡೆಯಲ್ಲಿ ಪಿಷ್ಟ ಎಷ್ಟಿದೆ ಎಂದು ‘ಪಾಯಿಂಟ್’ ಲೆಕ್ಕ ಹಾಕಿ ನಮ್ಮ ರೈತರಿಗೆ ಬೆಲೆ ಕಟ್ಟುತ್ತಾರೆ. ಮರಗೆಣಸಿನ ಹೆಸರಲ್ಲಿ ಬೇರೆ ಪಿಷ್ಟ ಮಾರಿದರೆ, ಅಷ್ಟು ಗೆಡ್ಡೆಗೆ ಗಿರಾಕಿ ಇಲ್ಲವಾಗುತ್ತಾರೆ. ನಿಮ್ಮಲ್ಲಿ ಕೆಲವರ ಫೀಸು, ಪುಸ್ತಕ ಬರುವುದೂ ಆ ಹೊಲದಿಂದಲೇ.

ಉತ್ತರಿಸಿ

1. ಒಂದು ದೇಶದ ಮರಗೆಣಸಿನ ಪಿಷ್ಟವನ್ನು ಇನ್ನೊಂದು ದೇಶ ತರಿಸಿ ಸಬ್ಬಕ್ಕಿ ಮಾಡಿತು. ಸಂಖ್ಯೆ ಬದಲಾಯಿತೇ?
2. ಅದೇ ಪಿಷ್ಟವನ್ನು ಸಣ್ಣ ಪೊಟ್ಟಣಕ್ಕೆ ತುಂಬಿದರೆ?
3. ಅಡುಗೆಮನೆಯ ಐದು ಪೊಟ್ಟಣಗಳನ್ನು ಓದಿ, ಯಾವುದರಲ್ಲಿ ಮೂಲ ದೇಶದ ಹೆಸರಿದೆ, ಪಟ್ಟಿ ಮಾಡಿ ತನ್ನಿ. ತರಗತಿಯಲ್ಲಿ ಮಾತಾಡೋಣ.